ಮನೆ ಲಾಭ

"ಸೊನ್ನಿ ಅಂದ್ರೆ ಎಂತದ್ರಾ ತಮಾ? ಮನೀನೇ ಇಲ್ಲಾ ಅಂದಾ? ಹಂಗಾರೆ ನಾ ನಿನ್ನೆ ರಾತ್ರೆ ಮನ್ಗಿದ್ದು ಎಲ್ಲಿ? ನಿನ್ನ ಅಪ್ಪನ ಅಂಗ್ಡಿ ಜಗಲಿ ಮೇನಾ?"

ಸೋಮಿಯ ಗಂಟಲಿಗೆ ಆ ಕಂಪ್ಯೂಟರ್ ಕ್ಲಾಸಿನ ಹಂಚುಗಳೆಲ್ಲ ಅದುರಿದಂತಾಯಿತು. ಬೆಳಗಿನ ಮೊದಲ ಬಸ್ಸಿಗೆ ಅಂಕೋಲೆಯಿಂದ ಕಾರವಾರಕ್ಕೆ ಬಂದು, ಪೇಟೆಯಲ್ಲಿ ಮಾವಿನಹಣ್ಣು ಮಾರಿ, ಕಂಪ್ಯೂಟರ್ ಪೆಟ್ಟಿಗೆಯೊಳಗೆ ಹೊಕ್ಕ ತನ್ನ ಮನೆಯನ್ನು ನೋಡಿಯೇ ಹೋಗುವುದೆಂದು ಬಂದವಳು ಅವಳು. ಬುಟ್ಟಿಯನ್ನು ಬಾಗಿಲಲ್ಲಿ ಇಳಿಸಿದ್ದಳಷ್ಟೆ. ಅವಳ ಕೇರಿಯ ಹುಡುಗ ಸುಭಾಷ ಅಚ್ಚಾದ ಕಾಗದದಲ್ಲಿ ಅವಳ ಹೆಸರಿನ ಮೇಲೆ ಬೆರಳಿಟ್ಟು, ಮುಂದಿನ 'ಮನೆ' ಖಾನೆಯನ್ನು 'ಸೊನ್ನೆ' ಎಂದು ಓದಿದ್ದ.

"ಕಂಪ್ಯೂಟರ್ ಹಂಗ್ ಹೇಳ್ತದೆ, ಸೋಮಕ್ಕಾ. ನಾ ಅಲ್ಲ."

"ಕಂಪೂಟ್ರು ನಮ್ಮನೀಗೆ ಬಂದು ಗಂಜಿ ಉಂಡಿದ್ಯಾ, ಇಲ್ಲಾ ಅಂಬೂಕೆ?"

ಒಳಗೆ ಪ್ರಿಂಟರಿನ ಮುಂದೆ ಕೂತಿದ್ದ ನಾಗಶ್ರೀ ಎದ್ದು ಬಂದಳು. ಆ ಕ್ಲಾಸಿನಲ್ಲಿ ಕಲಿಸುವವಳು ಅವಳು, ಎಲ್ಲರ ಬಾಯಲ್ಲೂ ಅಕ್ಕೋರು. ಕಾಗದವನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿದಳು. ಸೊನ್ನೆ. ಸೊನ್ನೆ. ಎರಡು. ಸೊನ್ನೆ. ಹುಲ್ಲಿನ ಮಾಡಿನವರ ಹೆಸರುಗಳ ಮುಂದೆಲ್ಲ ಸೊನ್ನೆ.

ಸೋಮಿ ಇರುವ ಕೆಳಗಿನಕೇರಿಯನ್ನು ಎಬ್ಬಿಸಿ ಅಲ್ಲೊಂದು ಯೋಜನೆ ತರುತ್ತೇವೆಂದು ಸರಕಾರ ಹೇಳಿ ಎರಡು ಮಳೆಗಾಲ ಕಳೆದಿತ್ತು. ಮನೆ ಕಳೆದುಕೊಂಡವರಿಗೆ ಹೊಸ ಕಾಲನಿಯಲ್ಲಿ ಜಾಗ ಎಂಬ ಮಾತಿತ್ತು. ಆದರೆ ಕಚೇರಿಯ ಪಟ್ಟಿಯಲ್ಲಿ ಅರ್ಧ ಕೇರಿಯೇ ಇರಲಿಲ್ಲ. ಹುಲ್ಲು ಹೊದೆಸಿದ್ದು ಮನೆಯಲ್ಲವಂತೆ! ಕೇರಿಯವರು ಗಲಾಟೆ ಮಾಡಿದಾಗ ಅಧಿಕಾರಿ ಕುರ್ಚಿಗೆ ಒರಗಿ ನಕ್ಕಿದ್ದ. "ಹಾಗಾದರೆ ನಿಮ್ಮ ಲೆಕ್ಕ ತನ್ನಿ. ಕೈಬರಹ ಬೇಡ. ಈಗ ಕಂಪ್ಯೂಟರ್ ಕಾಲ, ಕಂಪ್ಯೂಟರಿನದು ತನ್ನಿ." ತರಲಾರರು ಎಂಬ ಧೈರ್ಯ ಅವನಿಗೆ. ಹೋರಾಟ ಸಮಿತಿಯವರು ಕಾರವಾರದ ದೇವಿದಾಸನ ಕ್ಲಾಸಿನ ಬಾಗಿಲು ತಟ್ಟಿದ್ದರು. ಇಂದು ಮಧ್ಯಾಹ್ನ ಅಂಕೋಲೆಯಲ್ಲಿ ಅಹವಾಲು ಸಭೆ. ಈ ಕಾಗದ ಹೀಗೇ ಹೋದರೆ ಅಧಿಕಾರಿ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ. ಸೋಮಿಗೆ ಮನೆಯಿಲ್ಲವೆಂದು ಸೋಮಿಯ ಸಮಿತಿಯೇ ಬರೆದುಕೊಟ್ಟಂತೆ.

"ಸೊನ್ನೆ ಬಂದಲ್ಲೆಲ್ಲ ಬಯಲು ಜಾಗ ಅಂದ್ಕಂಡಿದ್ದೆ ನಾನು," ಎಂದಳು ನಾಗಶ್ರೀ, ಯಾರಿಗೆಂದಿಲ್ಲದೆ.

ಕೇರಿಯ ಕಿರಾಣಿ ಅಂಗಡಿಯ ಸುಭಾಷ ಅಂಗಳ ಅಂಗಳ ಸುತ್ತಿ ಬರೆದುಕೊಂಡು ಬಂದು, ತಾನೇ ಕೂತು ಟೈಪು ಮಾಡಿದ್ದ. ಒಂದು ಮನೆಯ ಸಮಾಚಾರವನ್ನೆಲ್ಲ ಒಂದೇ ಖಾನೆಯೊಳಗೆ, ಇಂಗ್ಲಿಷ್ ಅಕ್ಷರಗಳಲ್ಲಿ, ರೈಲಿನ ಡಬ್ಬಿಗಳಂತೆ ಜೋಡಿಸಿಟ್ಟಿದ್ದ: ಹೆಸರು, ಮನೆ ಇಷ್ಟು, ತೆಂಗು ಇಷ್ಟು, ಮಾವು ಇಷ್ಟು. ಆ ಉದ್ದ ಸಾಲಿನಿಂದ ಅಂಕಿಯನ್ನಷ್ಟೇ ಹೆಕ್ಕುವ ಸೂತ್ರವನ್ನು ನಿನ್ನೆ ನಾಗಶ್ರೀ ಬರೆದಿದ್ದಳು. ಸಾಲಿನಲ್ಲಿ 'ಮನೆ' ಎಂಬುದು ಎಲ್ಲಿದೆ, ಹುಡುಕು. ಅಲ್ಲಿಂದ ಐದು ಅಕ್ಷರ ದಾಟು. ಅಲ್ಲಿ ಸಿಕ್ಕಿದ್ದನ್ನು ಕತ್ತರಿಸಿಕೋ. ಅದನ್ನು ಅಂಕಿಯಾಗಿ ಮಾಡಿ ಪಕ್ಕದ ಖಾನೆಯಲ್ಲಿಡು. ಒಂದು ಸಾಲಿಗೆ ಬರೆದು ಕೆಳಗಿನವರೆಗೆ ನಕಲು ಮಾಡಿದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ಇಡೀ ಕೇರಿ ಖಾನೆಗೆ ಇಳಿದಿತ್ತು. ಆದರೆ ಬಹಳ ಕಡೆ ಅಂಕಿಯ ಬದಲು 'ತಪ್ಪು' ಎಂದು ಬಂತು. "ಇದು ಕಂಡ್ರೆ ಆಫೀಸರು ಹಲ್ಲು ಕಿಸೀತಾರೆ ಗೋ," ಎಂದಿದ್ದ ದೇವಿದಾಸ. ಸರಿ, ತಪ್ಪು ಬಂದಲ್ಲಿ ಸೊನ್ನೆ ಹಾಕು ಎಂದು ಸೂತ್ರಕ್ಕೆ ಒಂದು ಬಾಲ ಸೇರಿಸಿದ್ದಳು. ಕಾಗದ ಚೊಕ್ಕವಾಗಿತ್ತು.

ಈಗ ಅವಳು ಓಡಿ ಹೋಗಿ ಪರದೆಯ ಮುಂದೆ ಕೂತಳು. ಬಾಣದ ಗುಂಡಿ ಒತ್ತುತ್ತ ಒತ್ತುತ್ತ ಸೋಮಿಯ ಸಾಲಿಗೆ ಬಂದು ನಿಂತಳು. ಸುಭಾಷ ಹೊಡೆದ ಅಕ್ಷರಗಳು ಹಸಿರಾಗಿ ಮಿನುಗಿದವು. ಸೋಮಿ ಬೊಮ್ಮ ಗೌಡ, ಮನೆ ಲಾಭ, ತೆಂಗು 4, ಮಾವು 2.

"ಸುಭಾಷಾ! ಲಾಭ ಅಂದ್ರೆ ಎಂತದೋ ಇದು?"

"ಲಾಭ ಅಂದ್ರೆ ಲಾಭ. ಮನೆ ಲಾಭ, ತೆಂಗು ನಾಲ್ಕು. ಅವ್ರು ಹೇಳ್ದಾಂಗೆ ಬರ್ದೆ..." ಎನ್ನುತ್ತಿದ್ದಂತೆ ಸುಭಾಷನ ಕೈ ತಾನಾಗಿ ಹಣೆಗೆ ಹೋಯಿತು. ಹುಟ್ಟಿದಂದಿನಿಂದ ಅಪ್ಪನ ಅಂಗಡಿಯಲ್ಲಿ ಅಕ್ಕಿ ಅಳೆದ ಕೈ ಅದು. ಮೊದಲ ಸೇರಿಗೆ ಲಾಭ, ಆಮೇಲೆ ಎರಡು, ಮೂರು. ಮೊದಲನೆಯದನ್ನು ಒಂದು ಎಂದು ಎಣಿಸಿದ್ದು ಅವನಿಗೆ ನೆನಪೇ ಇರಲಿಲ್ಲ.

"ಅಂಕಿ ಬರೀಲಿಕ್ಕೆ ಎಂತಾಗಿತ್ತು ನಿಂಗೆ?"

"ಅವಂಗೆಂತಕೆ ಬೈತ್ರಿ ಅಕ್ಕೋರೇ?" ಸೋಮಿ ಈಗ ಸುಭಾಷನ ಪಕ್ಷಕ್ಕೆ ಹಾರಿದಳು. "ಅಂಗಳ್ದಲ್ಲಿ ನಿಂತ್ಕಂಡಿ ಯಾರಾರೂ ಮನೀನ ಒಂದು ಅಂತ್ರಾ? ಒಂದು ಅಂದ್ರೆ ಒಂಟಿ ಆತದೆ. ಅಲ್ಲಿಗೇ ನಿಂತ್ಹೋತದೆ. ನಾನೇ ಹೇಳಿದ್ದೆ, ಲಾಭ ಅಂತ ಬರಿಯಾ ಅಂತ."

ನಾಗಶ್ರೀ ನಗಬೇಕೋ ಅಳಬೇಕೋ ತಿಳಿಯದೆ ಪರದೆಯನ್ನೇ ನೋಡಿದಳು. ಎರಡು ಮನೆಯಿದ್ದವನು ಪೆಟ್ಟಿಗೆಗೆ ಕಂಡಿದ್ದ. ಮೂರು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವನೂ ಕಂಡಿದ್ದ. ಇರುವುದೊಂದೇ ಮಾಡಿನ ಕೆಳಗೆ ಬದುಕಿದವರು, ಅವರು ಮಾತ್ರ, ಸೊನ್ನೆಯಾಗಿ ಹೋಗಿದ್ದರು. ಆ ಅಧಿಕಾರಿ ಮಾಡಿದ್ದನ್ನೇ ತನ್ನ ಸೂತ್ರವೂ ಮಾಡಿತ್ತು, ಇನ್ನೂ ಚೊಕ್ಕವಾಗಿ.

ದೇವಿದಾಸ ಗಡಿಯಾರ ನೋಡಿದ. "ಒಂದು ಗಂಟೆ ಬಸ್ಸು ತಪ್ಪಿದ್ರೆ ಮುಗೀತು. ಲಾಭ ಅನ್ನೋದನ್ನೆಲ್ಲ ಅಳಿಸಿ ಒಂದು ಅಂತ ಹೊಡಿ ಗೋ. ಎರಡು ನಿಮಿಷದ ಕೆಲ್ಸ."

"ನಮ್ಮನೀ ಮೇನೆ ಒಂದು ಹೊಡೂಕಿಲ್ಲ!" ಸೋಮಿ ಎದ್ದು ನಿಂತ ರಭಸಕ್ಕೆ ಕೊರಳಿನ ಮಣಿಸರಗಳೆಲ್ಲ ಝಲ್ಲೆಂದವು. "ಎಬ್ಬಿಸ್ತೇವೆ ಅಂದ್ರಿ, ಕೇಂಡೆ. ಮನಿ ಅಲ್ಲಾ ಅಂದ್ರಿ, ಕೇಂಡೆ. ಇನ್ನು ಎಣ್ಸೂದೂ ನಿಮ್ದೇ ನಮ್ನೀನಾ?"

ನಾಗಶ್ರೀಯ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು, ಆಮೇಲೆ ಒಮ್ಮೆಲೇ ಓಡತೊಡಗಿದವು.

"ಅಳಿಸೂದು ಬೇಡ ಸರ್. ಸೋಮಕ್ಕನ ಮಾತು ಹಂಗೇ ಇರ್ಲಿ. ಕಲೀಬೇಕಾದ್ದು ಈ ಯಂತ್ರ."

'ಮನೆ'ಯಿಂದ ಐದು ಅಕ್ಷರ ದಾಟಿದಲ್ಲಿ ಸಿಗುವುದು ಲಾಭವಾದರೆ, ಅದನ್ನು ಒಂದೆಂದು ತಿಳಿ. ಅಲ್ಲವಾದರೆ ಅಲ್ಲಿರುವ ಅಂಕಿ ತೆಗೆದುಕೋ. ಸೊನ್ನೆಯ ಬಾಲವನ್ನು ಕಿತ್ತೆಸೆದಳು. ತಪ್ಪಿದ್ದರೆ ತಪ್ಪೆಂದೇ ಕಾಣಲಿ! ಕೊನೆಯ ಗುಂಡಿ ಒತ್ತಿದಾಗ ಯಂತ್ರ 'ಕೀಂಕ್' ಎಂದು ಬೈಯಿತು. ಒಂದು ಕಂಸ ಮುಚ್ಚಿರಲಿಲ್ಲ. ಮುಚ್ಚಿ ಮತ್ತೆ ಒತ್ತಿದಳು.

ಸೋಮಿಯ ಸಾಲಿನ ಸೊನ್ನೆ ಕಣ್ಣೆದುರೇ ನೆಟ್ಟಗೆ ನಿಂತು 1 ಆಯಿತು.

"ಆತು!" ಸುಭಾಷ ಕೂಗಿದ. ನಾಗಶ್ರೀ ಆ ಸೂತ್ರವನ್ನು ಕೆಳಕ್ಕೆ ಎಳೆದಳು. ಬೀರಾ ಬಂದ, ನಾಗು ಬಂದಳು, ಲಲಿತಾ ಬಂದಳು. ಉಬ್ಬರಕ್ಕೆ ದೋಣಿಗಳು ಸಾಲಾಗಿ ಎದ್ದ ಹಾಗೆ ಖಾನೆ ಖಾನೆಯಲ್ಲೂ ಮನೆಗಳು ಎದ್ದುಬಂದವು. ತುದಿಯವರೆಗೂ ಎಲ್ಲೂ 'ತಪ್ಪು' ಇಲ್ಲ. ಸುಭಾಷ ಒಂದೊಂದು ಹೆಸರನ್ನೂ ಕೂಗಿ ಹೇಳುತ್ತಿದ್ದರೆ ದೇವಿದಾಸನೂ ಗಡಿಯಾರ ಮರೆತು ಕುರ್ಚಿಯ ಬೆನ್ನಿಗೆ ತಾಳ ಹಾಕುತ್ತಿದ್ದ.

"ಆದ್ರೆ ಪಕ್ಕದ ಖಾನೇಲಿ ಒಂದು ಅಂತ್ಲೇ ಬತ್ತದೆ, ಸೋಮಕ್ಕಾ," ಎಂದಳು ನಾಗಶ್ರೀ ಅಳುಕುತ್ತ.

ಸೋಮಿ ಯೋಚಿಸಿದಳು. "ಅದು ಪೆಟ್ಗಿ ಮಾತು. ಪೆಟ್ಗಿ ಎಂತ ಬೇಕಾರೂ ಅನ್ಲಿ. ನೀವು ಅನ್ಬೇಡಿ, ಅಷ್ಟೇಯಾ."

ಪ್ರಿಂಟರು ಕರಕರ ಎಂದು ಕಾಗದ ತಿನ್ನತೊಡಗಿತು. ನಡುವೆ ದೀಪ ಮಂಕಾಯಿತು. ಸೋಮಿ ಪ್ರಿಂಟರಿನ ಬೆನ್ನು ಸವರಿ, "ನಡಿ ನನ್ನಪ್ಪಾ, ಇನ್ನೊಂಚೂರು," ಎಂದು ಎಮ್ಮೆಯನ್ನು ಹೊಳೆ ದಾಟಿಸುವಂತೆ ಪುಸಲಾಯಿಸಿದಳು. ಕರೆಂಟು ಹೋಗಲಿಲ್ಲ. ಕಾಗದ ಹಿಡಿದು ನಿಲ್ದಾಣಕ್ಕೆ ಬಂದಾಗ ಬಸ್ಸು ಹೊರಟಿತ್ತು. ಸುಭಾಷ ಅಡ್ಡ ಓಡಿ ನಿಲ್ಲಿಸಿದ.

ಅಂಕೋಲೆಯ ಸಭೆಯ ಕೋಣೆ ಜನರಿಂದ ಬಿರಿಯುತ್ತಿತ್ತು. ಅಧಿಕಾರಿ ಕಾಗದದ ಮೊದಲ ಪುಟ ಓದಿದ, ಎರಡನೆಯದನ್ನು ಮಗುಚಿದ. ನಗು ಮೆಲ್ಲಗೆ ಇಳಿಯಿತು.

"ಇಷ್ಟೊಂದು ಮನೆಯೇ? ಯಾರ್‍ಯಾರ ಹೆಸರನ್ನೋ ತುಂಬಿದ್ದೀರಿ. ಇಲ್ಲಿ ಮನೆ ಲಾಭ ಅಂತ ಬೇರೆ ಬರೆದಿದೆ. ಇದೊಂದು ಲೆಕ್ಕವೇ?"

"ಜನ ಇಲ್ಲೇ ಇದ್ದಾರೆ ಸರ್," ಎಂದಳು ನಾಗಶ್ರೀ. "ನೀವೇ ಎಣಿಸಿ."

"ಎಣಿಸೋಣ. ಮನೆಗೊಬ್ಬರು ಎದ್ದು ನಿಲ್ಲಿ. ಹುಲಿಯಾ, ಎಣಿಸೋ. ಗಟ್ಟಿಯಾಗಿ ಎಣಿಸು."

ಜವಾನ ಹುಲಿಯಾ ಮುಂದೆ ಬಂದ. ಖಾಕಿ ಅಂಗಿಯ ಗುಂಡಿ ಸರಿಮಾಡಿಕೊಂಡು, ಎಲ್ಲರಿಗಿಂತ ಮುಂದೆ ಬುಟ್ಟಿಯ ಪಕ್ಕ ನಿಂತಿದ್ದ ಸೋಮಿಯ ಕಡೆಗೆ ಕೈ ಚಾಚಿದ.

"ಲಾಭ," ಎಂದ.

ಅಧಿಕಾರಿ ತಲೆಯೆತ್ತಿದ. "ಏನಂದೆ?"

ಹುಲಿಯಾ ನಾಲಗೆ ಕಚ್ಚಿಕೊಂಡ. ಸಾಹೇಬರನ್ನು ನೋಡಿದ, ಸೋಮಿಯನ್ನು ನೋಡಿದ. ತಿದ್ದಿ ಹೇಳಲಿಲ್ಲ. ಮುಂದಿನವನತ್ತ ಕೈ ಸರಿಸಿದ.

"ಎರಡು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಮೂರು," ಎಂದು ಸುಭಾಷನೂ ದನಿಗೂಡಿಸಿದ. "ನಾಲ್ಕು" ಎಂದಾಗ ಹತ್ತಾರು ಬಾಯಿ. ಆಮೇಲೆ ಹುಲಿಯಾನ ದನಿ ಯಾವುದು, ಕೇರಿಯ ದನಿ ಯಾವುದು ತಿಳಿಯದಂತೆ ಎಣಿಕೆ ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು. ಅಧಿಕಾರಿಯ ಪೆನ್ಸಿಲು ಮಾತ್ರ ಮೊದಲ ಸಾಲಿನ ಮೇಲೆಯೇ ನಿಂತಿತ್ತು.

ಫ್ಯಾನಿನ ಗಾಳಿಗೆ ಆ ಉದ್ದ ಕಾಗದದ ತುದಿ ಮೇಜಿನಿಂದ ಜಾರಿ, ಮಡಿಕೆ ಮಡಿಕೆಯಾಗಿ ಬಿಚ್ಚುತ್ತ ನೆಲಕ್ಕಿಳಿದು, ಸೋಮಿಯ ಪಾದದವರೆಗೆ ಬಂತು. ಅವಳು ತನ್ನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟಳು.