ಮತ್ತೆ ಮೊದಲಿನಿಂದ

ಪಶು ಆಸ್ಪತ್ರೆಯ ಟೆಲಿಫೋನಿನ ಮುಂದೆ ಕೂತರೆ ಸಾಕು, ಹೆಲೆದ್‌ಗೆ ಮೈಯೆಲ್ಲ ಉರಿ. ವರ್ಷಗಟ್ಟಲೆ ಓದಿ, ಪರೀಕ್ಷೆ ಪಾಸು ಮಾಡಿ, ಎದೆಗೆ ನರ್ಸ್ ಬಿಲ್ಲೆ ಸಿಕ್ಕಿಸಿಕೊಂಡವಳು ಈಗ ಮಾಡುತ್ತಿದ್ದ ಘನಕಾರ್ಯ ಏನೆಂದರೆ, ನಿಮ್ಮ ಮೊಲ ಇವತ್ತು ಹಿಕ್ಕೆ ಹಾಕಿತೇ ಎಂದು ಊರಿನವರನ್ನೆಲ್ಲ ವಿಚಾರಿಸುವುದು.

ತಪ್ಪು ಅವಳದೇ, ಅದನ್ನು ಅವಳು ಯಾವತ್ತೂ ಇಲ್ಲವೆಂದಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಬೆಕ್ಕಿನ ಆಪರೇಷನ್ನಿಗೆ ಅರಿವಳಿಕೆ ಯಂತ್ರ ಸಿದ್ಧಮಾಡುವಾಗ ವಾಲ್ವ್ ತೆರೆಯುವುದನ್ನು ಮರೆತಿದ್ದಳು. ಉಸಿರಾಟದ ಕೊಳವೆಗಳಲ್ಲಿ ಎಲ್ಲಾದರೂ ಗಾಳಿ ಸೋರುತ್ತದೆಯೋ ಎಂದು ನೋಡಬೇಕಾದರೆ ಆ ವಾಲ್ವನ್ನು ಮುಚ್ಚಲೇಬೇಕು. ನೋಡಿದ ಮೇಲೆ ತೆರೆಯಲೇಬೇಕು. ತೆರೆಯದಿದ್ದರೆ ಪ್ರಾಣಿಯೊಳಗೆ ಹೋದ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ, ಒಳಗೆ ಮಾತ್ರ ತುಂಬುತ್ತಲೇ ಹೋಗುತ್ತದೆ. ಬೆಕ್ಕು ಹೇಗೋ ಬದುಕಿತು. ಹೆಲೆದ್‌ಳ ಮಾನ ಬದುಕಲಿಲ್ಲ. ಹಿರಿಯ ನರ್ಸ್ ನೆರಿಸ್ ಎಲ್ಲರೆದುರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ನಾನು ಹೇಳೋವರೆಗೂ ಆಪರೇಷನ್ ಕೋಣೆ ಹೊಸ್ತಿಲು ದಾಟಬೇಡ." ಬೇಸಿಗೆ ಹೋಗಿ ಕ್ರಿಸ್ಮಸ್ ಬಂತು, ಕ್ರಿಸ್ಮಸ್ ಹೋಗಿ ಕುರಿಗಳು ಮರಿ ಹಾಕುವ ಕಾಲ ಹತ್ತಿರವಾಯಿತು. ನೆರಿಸ್ ಹೇಳಲೇ ಇಲ್ಲ. ಪಶುವೈದ್ಯ ಗೆಥಿನ್ ಆಸ್ಪತ್ರೆಯ ಯಜಮಾನ. ಆದರೆ ಯಜಮಾನಿಕೆ ಬಾಗಿಲ ಮೇಲಿನ ಹೆಸರಿಗೆ ಮಾತ್ರ. ನೆರಿಸ್ ಗೆರೆ ಎಳೆದರೆ ಅವನೂ ದಾಟುತ್ತಿರಲಿಲ್ಲ.

ಆ ಬೆಳಿಗ್ಗೆ ಎಮ್ಲಿನ್ ಎಂಬ ಬೆಟ್ಟದ ಕುರಿಗಾರ ತನ್ನ ನಾಯಿಯನ್ನು ಎತ್ತಿಕೊಂಡೇ ಬಂದ. ಸ್ಮೋಟ್ ಅದರ ಹೆಸರು. ಕಪ್ಪು ಬಿಳುಪಿನ ಕುರಿನಾಯಿ. ಹುಲ್ಲಿನ ಪಿಂಡಿ ಕಟ್ಟುವ ನೈಲಾನ್ ಹುರಿಯನ್ನು ಗಜಗಟ್ಟಲೆ ನುಂಗಿ, ಹೊಟ್ಟೆ ಬಿಗಿದುಕೊಂಡು ನರಳುತ್ತಿತ್ತು. ಎಮ್ಲಿನ್‌ಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮೇಲಿನ ಬೆಟ್ಟದಿಂದ ಕುರಿಹಿಂಡನ್ನು ಇಳಿಸಬೇಕಾದರೆ ಇದ್ದದ್ದು ಈ ನಾಯಿಯೊಂದೇ.

"ಇವತ್ತೇ ಕುಯ್ಯಬೇಕು. ನಾಳೆ ಅಂದ್ರೆ ಕರುಳು ಹರಿದುಹೋಗತ್ತೆ," ಅಂದ ಗೆಥಿನ್.

ನೆರಿಸ್ ಯಂತ್ರದ ಮುಂದೆ ನಿಂತಳು. ಅವಳಿಗೊಂದು ವ್ರತವಿತ್ತು. ಆಕ್ಸಿಜನ್ ಸಿಲಿಂಡರು, ಒತ್ತಡ ತೋರಿಸುವ ಮುಳ್ಳು, ಅರಿವಳಿಕೆ ದ್ರವದ ಮಟ್ಟ, ಬಿಟ್ಟ ಉಸಿರನ್ನು ಶುದ್ಧಮಾಡುವ ಸುಣ್ಣದ ಹರಳು, ಕೊಳವೆಗಳು, ರಬ್ಬರ್ ಚೀಲ, ಕೊನೆಗೆ ಆ ವಾಲ್ವ್: ಎಲ್ಲವನ್ನೂ ಅದೇ ಸಾಲಿನಲ್ಲಿ ನೋಡಬೇಕು. ನಡುವೆ ಯಾರಾದರೂ ಮಾತಾಡಿಸಿದರೆ, ಎಲ್ಲಿಗೇ ಬಂದಿರಲಿ, ಮತ್ತೆ ಮೊದಲಿನಿಂದ. ಒಳ್ಳೆಯ ವ್ರತವೇ. ಆದರೆ ಮಾತಾಡಿಸದೆ ಇರುವ ಜನ ಆ ಆಸ್ಪತ್ರೆಯಲ್ಲಿ ಹುಟ್ಟಿರಲಿಲ್ಲ.

ಮೊದಲು ಗೆಥಿನ್ ತಲೆ ಹಾಕಿದ. "ಆಯ್ತಾ ನೆರಿಸ್?"

"ಆಗ್ತಾ ಇತ್ತು, ನೀವು ಕೇಳೋವರೆಗೂ," ಎಂದು ನೆರಿಸ್ ಮತ್ತೆ ಸಿಲಿಂಡರಿಗೆ ಕೈಹಾಕಿದಳು.

ಆಮೇಲೆ ಆಕ್ಸಿಜನ್ ತಂದ ಲಾರಿಯವನು ಬಂದ. ಖಾಲಿ ಸಿಲಿಂಡರುಗಳನ್ನು ಕೊಡಿ, ಹಿತ್ತಲ ಬೀಗದ ಕೈ ಎಲ್ಲಿ ಎಂದು ಪೀಡಿಸಿದ. ಬೀಗದ ಕೈ ಇದ್ದದ್ದು ನೆರಿಸ್‌ಳ ಜೇಬಿನಲ್ಲಿ. ಹೆಲೆದ್ ಹೋಗಿ ಹೊಸ್ತಿಲಿನ ಹೊರಗೇ ನಿಂತು ಕೇಳಿದಳು. ನೆರಿಸ್ ಬೀಗದ ಕೈಯನ್ನು ಕೊಡಲಿಲ್ಲ, ಎಸೆದಳು.

"ಸುಣ್ಣದ ಹರಳಿನವರೆಗೂ ಬಂದಿದ್ದೆ ಕಣೇ! ಮೂರನೇ ಸಲ ಈಗ. ನಿಮಗೆಲ್ಲ ನನ್ನ ಮೇಲೆ ಅದೇನು ಹಗೆ?"

"ಲಾರಿಯವನು ಕೇಳಿದ್ದು ನೆರಿಸ್, ನಾನಲ್ಲ."

"ಬಾಯಿ ಯಾರದು? ನಿಂದೇ ತಾನೇ?"

ಹೆಲೆದ್ ಹಲ್ಲು ಕಚ್ಚಿಕೊಂಡು ವಾಪಸು ಬಂದು ಕೂತಳು. ಎದುರಿನ ಬೆಂಚಿನಲ್ಲಿ ಎಮ್ಲಿನ್ ಟೋಪಿಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಬಂದು ಕೌಂಟರಿಗೆ ಒರಗಿ, ತಪ್ಪು ಮಾಡಿದ ಹುಡುಗನ ದನಿಯಲ್ಲಿ ಅಂದ:

"ಮಗಳೇ, ಒಂದು ಮಾತು. ಬರ್ತಾ ದಾರೀಲಿ ಅದಕ್ಕೊಂದು ಚೂರು ಬ್ರೆಡ್ ಹಾಕ್ದೆ. ಬೆಣ್ಣೆ ಸವರಿದ್ದು. ಏನೂ ಆಗಲ್ಲ ಅಲ್ವಾ?"

"ಏನೂ ಹಾಕಬೇಡಿ ಅಂತ ಫೋನಲ್ಲಿ ಬಡ್ಕೊಂಡೆನಲ್ಲ ಎಮ್ಲಿನ್!"

"ಹಾಗೆ ನೋಡ್ತಿತ್ತು ನನ್ನ ಮುಖಾನ. ತಡೀಲಿಲ್ಲ."

ಹೊಟ್ಟೆಯಲ್ಲಿ ತಿಂಡಿ ಇದ್ದರೆ ಅರಿವಳಿಕೆ ಹತ್ತಿದಾಗ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿಯಬಹುದು. ಹೇಳದೆ ಬಿಡುವ ಸುದ್ದಿಯಲ್ಲ. ಹೇಳಿದರೆ ಬೈಗುಳ, ಹೇಳದಿದ್ದರೆ ನಾಯಿಯ ಪ್ರಾಣ. ಕೆಲಸವೇ ಇಂಥದ್ದು ಕೊಟ್ಟರಲ್ಲ ಎಂದು ಶಪಿಸುತ್ತ ಹೆಲೆದ್ ಮತ್ತೆ ಹೊಸ್ತಿಲಿಗೆ ಹೋದಳು.

ನೆರಿಸ್ ಕಟ್ಟಕಡೆಯ ಘಟ್ಟದಲ್ಲಿದ್ದಳು. ವಾಲ್ವ್ ತಿರುಗಿಸಿ ಮುಚ್ಚಿದ್ದಳು. ನಾಯಿಯ ಕಡೆಗೆ ಹೋಗುವ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ, ಉಬ್ಬಿದ ರಬ್ಬರ್ ಚೀಲವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ನೆರಿಸ್, ನಾಯಿ ಬ್ರೆಡ್ ತಿಂದಿದೆಯಂತೆ. ಈಗ ತಾನೇ."

"ಅಯ್ಯೋ ದೇವರೇ!" ನೆರಿಸ್ ಹೆಬ್ಬೆರಳು ಕಿತ್ತು ಆ ಕೈಯನ್ನು ಬಾಗಿಲ ಕಡೆಗೆ ಚಾಚಿದಳು. "ಹೋಗು, ಗೆಥಿನ್‌ಗೆ ಹೇಳು. ತಲೆ ಎತ್ತರದಲ್ಲಿ ಇಡಬೇಕು, ಗಂಟಲಿಗೆ ಬೇಗ ಕೊಳವೆ ಇಳಿಸಬೇಕು. ಬಾಯಿಂದ ವಾಂತಿ ಹೀರೋ ಪಂಪು ಎಲ್ಲಿ ಹಾಳಾಗಿ ಹೋಯ್ತು? ಹೋಗು ಅಂದೆ!"

ಚೀಲ ಸುಯ್ಯೆಂದು ಇಳಿಯಿತು. ಹೆಲೆದ್ ಓಡಿದಳು.

ಗೆಥಿನ್‌ಗೆ ಹೇಳಿದ್ದೂ ಆಯಿತು, ಎಮ್ಲಿನ್‌ನನ್ನು ಸಮಾಧಾನ ಮಾಡಿದ್ದೂ ಆಯಿತು. ಆದರೆ ಕೂತ ಮೇಲೆ ಹೆಲೆದ್‌ಗೆ ಏನೋ ಚುಚ್ಚತೊಡಗಿತು. ಫೋನ್ ರಿಂಗಾಗುತ್ತಿದ್ದರೂ ಎತ್ತಲಿಲ್ಲ. ಎಲ್ಲ ಸರಿಯಾಗಿ ನಡೆದಿದ್ದರೆ ವಾಲ್ವ್ ತೆರೆದಾಗ ಅದರೊಳಗಿಂದ ಗಾಳಿ ಹೋಗಿ ಚೀಲ ಇಳಿಯಬೇಕು. ಈಗ ಇಳಿದದ್ದು ಹೆಬ್ಬೆರಳು ತೆಗೆದದ್ದರಿಂದ, ಕೊಳವೆಯ ಬಾಯಿಂದ. ಇಳಿದ ಚೀಲ ಇಳಿದ ಚೀಲವೇ. ಯಾವ ಕಡೆಯಿಂದ ಇಳಿಯಿತೆಂದು ಅದು ಹೇಳುವುದಿಲ್ಲ. ಪರೀಕ್ಷೆ ಮುಗಿದ ಯಂತ್ರವೂ ಹಾಗೇ ಕಾಣುತ್ತದೆ. ನೆರಿಸ್ ಆಮೇಲೆ ಮತ್ತೆ ಮೊದಲಿನಿಂದ ನೋಡಿದ್ದರೆ ಸರಿ. ಆದರೆ ಪಂಪು ಹುಡುಕುವ ಗಡಿಬಿಡಿಯಲ್ಲಿ, ನಾಲ್ಕನೇ ಸಲ, ನೋಡಿದಳೇ?

ನೋಡಿರುತ್ತಾಳೆ. ನೆರಿಸ್ ಅಲ್ಲವೇ ಅವಳು?

ಅವಳು ನೋಡಿಯೇ ಇದ್ದು, ತಾನು ಸುಮ್ಮನೆ ಒಳಗೆ ನುಗ್ಗಿದರೆ? ಹೊಸ್ತಿಲು ದಾಟುವ ಆಸೆಗೆ ಅಲ್ಲಿಗೇ ಮಣ್ಣು. ಜೀವಮಾನವಿಡೀ ಮೊಲದ ಹಿಕ್ಕೆಯೇ ಗತಿ. ಹೆಲೆದ್ ಎದ್ದಳು, ಕೂತಳು, ಮತ್ತೆ ಎದ್ದಳು. ತನ್ನ ಪುಕ್ಕಲುತನದ ಮೇಲೆ ಅವಳಿಗೇ ಅಸಹ್ಯವಾಯಿತು. ಕೊನೆಗೆ ನಡೆದೇಬಿಟ್ಟಳು.

ಸ್ಮೋಟ್ ಮೇಜಿನ ಮೇಲಿತ್ತು. ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸಿಯಾಗಿತ್ತು. ಗೆಥಿನ್ ತಲೆಬಾಗಿಸಿ ಹೊಟ್ಟೆಯ ಕೂದಲು ಬೋಳಿಸುತ್ತಿದ್ದ. ನೆರಿಸ್ ನಾಯಿಯ ದವಡೆಗೆ ಪಟ್ಟಿ ಕಟ್ಟುತ್ತಿದ್ದಳು, ಅವಳ ಬೆನ್ನು ಯಂತ್ರಕ್ಕೆ. ಆ ಬೆನ್ನಿನ ಹಿಂದೆ ರಬ್ಬರ್ ಚೀಲ ಉಬ್ಬಿ, ಬಿಗಿದು, ಮಿರಮಿರ ಮಿಂಚುತ್ತಿತ್ತು. ನಾಯಿಯ ಎದೆ ಏರಿದ್ದು ಇಳಿದಿರಲಿಲ್ಲ.

"ನೆರಿಸ್, ವಾಲ್ವ್!"

"ಹೊರಗೆ ಹೋಗು!" ನೆರಿಸ್ ತಿರುಗಿಯೂ ನೋಡಲಿಲ್ಲ.

ಹೆಲೆದ್ ಹೊಸ್ತಿಲು ದಾಟಿದಳು. ಮೊದಲು ನಾಯಿಯ ಕೊಳವೆಯನ್ನು ಯಂತ್ರದಿಂದ ಕಿತ್ತಳು. ಗಾಳಿ ಭುಸ್ಸೆಂದು ನುಗ್ಗಿ ನೆರಿಸ್‌ಳ ಮುಖಕ್ಕೆ ಹೊಡೆಯಿತು. ನಾಯಿಯ ಎದೆ ಕುಸಿದು ನಿಶ್ಚಲವಾಯಿತು. ನಾಲಿಗೆ ಬೂದಿಬಣ್ಣಕ್ಕೆ ತಿರುಗಿತ್ತು. ಗುಂಡಿಗೆಯ ಬಡಿತ ಒಂದಕ್ಕೂ ಇನ್ನೊಂದಕ್ಕೂ ನಡುವೆ ಪ್ರಾರ್ಥನೆ ಮಾಡಬಹುದು ಎನ್ನುವಷ್ಟು ನಿಧಾನವಾಗಿತ್ತು. ಹೆಲೆದ್ ವಾಲ್ವ್ ತೆರೆದು, ಕೊಳವೆಯನ್ನು ಮತ್ತೆ ಜೋಡಿಸಿ, ಚೀಲವನ್ನು ಮೆಲ್ಲಗೆ ಒತ್ತಿದಳು. ಬಿಟ್ಟಳು. ಒತ್ತಿದಳು. ಮೂವರೂ ಆ ನಾಲಿಗೆಯನ್ನೇ ನೋಡುತ್ತ ನಿಂತರು. ನಾಲಿಗೆ ಕೆಂಪೇರಿತು. ಆಮೇಲೆ ನಾಯಿ ತಾನಾಗಿಯೇ ಒಂದು ಉಸಿರೆಳೆಯಿತು.

ಎಕ್ಸ್‌ರೇ ತೆಗೆದು ಶ್ವಾಸಕೋಶ ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡು ಗೆಥಿನ್ ಹೊಟ್ಟೆ ಕೊಯ್ದ. ಹುರಿ ಹೊರಬಂತು. ಚೀಲದ ಬಳಿ ಕೊನೆಯವರೆಗೂ ಕೂತವಳು ಹೆಲೆದ್. ನೆರಿಸ್ ಕತ್ತರಿ, ಇಕ್ಕಳ ಕೊಡುತ್ತಿದ್ದಳು. ಮುಗಿದ ಕೂಡಲೇ ತಾನೇ ಹೊರಗೆ ಹೋಗಿ, ತಪ್ಪು ತನ್ನದೆಂದು ಎಮ್ಲಿನ್‌ಗೆ ಒಂದೂ ಮುಚ್ಚಿಡದೆ ಹೇಳಿದಳು. ಅವನು ಟೋಪಿ ಹಿಂಡುತ್ತ, "ಬದುಕಿದೆ ತಾನೇ?" ಎಂದಷ್ಟೇ ಕೇಳಿದ.

ಅಡಿಗೆಮನೆಯಂಥ ಹಿಂದಿನ ಕೋಣೆಯಲ್ಲಿ ಗೆಥಿನ್ ನೆರಿಸ್‌ಳನ್ನು ಕೂರಿಸಿ ಚಹಾ ಕೊಟ್ಟ. ಎರಡು ಚಮಚ ಸಕ್ಕರೆ ಹಾಕಿ ಅವನೇ ಕದಡಿದ. ಒಣದ್ರಾಕ್ಷಿ ಬ್ರೆಡ್ಡಿನ ತುಂಡಿಗೆ ಬೆಣ್ಣೆ ಹಚ್ಚಿ ಮುಂದಿಟ್ಟ.

"ಮನಸ್ಸಿಗೆ ಹಚ್ಕೋಬೇಡ ನೆರಿಸ್. ಯಾರಿಗಾದ್ರೂ ಆಗೋ ಅಂಥದ್ದೇ. ಇಷ್ಟು ವರ್ಷದಲ್ಲಿ ಒಂದು ಸಲ."

ಬಾಗಿಲಲ್ಲಿ ನಿಂತ ಹೆಲೆದ್‌ಗೆ ತಲೆ ಸಿಡಿಯಿತು. ನಾಯಿ ಬದುಕಿದ ಸಂತೋಷವೆಲ್ಲ ಆ ಬೆಣ್ಣೆಯ ಚೂರಿನಲ್ಲೇ ಹೋಯಿತು.

"ಯಾರಿಗಾದ್ರೂ ಆಗೋ ಅಂಥದ್ದಾ?" ಅಂದಳು. "ಹಾಗಾದ್ರೆ ನಂಗಾದಾಗ ಯಾಕೆ ಹಾಗನ್ಲಿಲ್ಲ ನೀವು? ಆವತ್ತು ನಾನು ಔಷಧಿ ಕೋಣೇಲಿ ನಿಂತ್ಕೊಂಡು ಅತ್ತೆ. ಒಬ್ರಾದ್ರೂ ಒಂದು ಲೋಟ ನೀರು ಕೊಟ್ರಾ? ಅವರು ಎಡವಿದ್ರೆ ಚಹಾ, ನಾನು ಎಡವಿದ್ರೆ ಫೋನು! ಆವತ್ತೂ ಯಾರೋ ಕೂಗಿ ಕರೆದಿದ್ರು ನನ್ನ. ಯಾರು ಕರೆದಿದ್ದು ಅಂತ ಯಾರಾದ್ರೂ ಕೇಳಿದ್ರಾ?"

ಗೆಥಿನ್ ಬೆಣ್ಣೆ ಚಾಕುವನ್ನು ಕೆಳಗಿಟ್ಟ. ಕರೆದವನು ಅವನೇ. ಅದು ಅವನಿಗೆ ಈಗ ನೆನಪಾಯಿತೆಂದು ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

ನೆರಿಸ್ ಚಹಾವನ್ನು ಮುಟ್ಟಲಿಲ್ಲ. ಕಪ್ಪನ್ನು ಆಚೆ ಸರಿಸಿ, "ಅವಳು ಹೇಳೋದು ನಿಜ," ಅಂದಳು. ಹೆಲೆದ್ ಕಡೆ ತಿರುಗಿದಳು. "ನಿಂಗೆ ಹಾಕಿದ ಶಿಕ್ಷೆ ನಂಗೂ ಹಾಕು. ನಾಳೆಯಿಂದ ಫೋನ್ ಹತ್ರ ನಾನು ಕೂತ್ಕೋತೀನಿ. ಎಷ್ಟು ತಿಂಗಳು ಅಂತ ನೀನೇ ಹೇಳು."

ಎಷ್ಟೋ ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ ಹೆಲೆದ್ ಕೇಳಬೇಕೆಂದು ಬಯಸಿದ್ದ ಮಾತು ಅದೇ. ಈಗ ಕೇಳಿದರೆ ಒಂದಿಷ್ಟೂ ರುಚಿಯಿಲ್ಲ. ನೆರಿಸ್‌ಳನ್ನು ಫೋನಿನ ಮುಂದೆ ಕೂರಿಸಿದರೆ ಏನಾಗುತ್ತದೆ? ಲಾರಿಯವನು ಬರುತ್ತಾನೆ, ಗೆಥಿನ್ ತಲೆ ಹಾಕುತ್ತಾನೆ, ಯಂತ್ರದ ಮುಂದೆ ಯಾರಿದ್ದಾರೋ ಅವರ ಹೆಬ್ಬೆರಳು ಮತ್ತೊಂದು ದಿನ ಕಿತ್ತು ಬರುತ್ತದೆ.

"ಫೋನು ಬೇಡ," ಅಂದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು, ಅದನ್ನು ಅಡಗಿಸಲು ಅವಳು ಯತ್ನಿಸಲೂ ಇಲ್ಲ. "ಮುಂದಿನದು ಒಂದು ಬೆಕ್ಕಿದೆ. ಯಂತ್ರ ನಾನು ನೋಡ್ತೀನಿ. ನೀವು ಬಾಗಿಲು ಕಾಯಿರಿ. ನಾನು ಮುಗೀತು ಅನ್ನೋವರೆಗೂ ನರಪಿಳ್ಳೆಯೂ ನನ್ನ ಮಾತಾಡಿಸಬಾರದು."

"ಬೆಂಕಿ ಬಿದ್ರೆ?" ಅಂದ ಗೆಥಿನ್, ನಗಿಸುವ ಆಸೆಯಿಂದ.

"ನೀವೇ ಆರಿಸಿ," ಅಂದಳು ನೆರಿಸ್, ಏಳುತ್ತ.

ಬೆಕ್ಕಿಗೆ ಬೇರೆ ಕೊಳವೆ, ಸಣ್ಣ ಚೀಲ. ಹೆಲೆದ್ ಎಲ್ಲವನ್ನೂ ಜೋಡಿಸಿ ಸಿಲಿಂಡರಿನಿಂದ ಶುರುಮಾಡಿದಳು. ಬಾಗಿಲಲ್ಲಿ ನೆರಿಸ್ ಎರಡೂ ಕಡೆಯ ಚೌಕಟ್ಟಿಗೆ ಕೈ ಕೊಟ್ಟು, ಒಳಗೆ ಬೆನ್ನು ಹಾಕಿ ನಿಂತಿದ್ದಳು. ಹೆಲೆದ್ ವಾಲ್ವ್ ಮುಚ್ಚಿ, ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತುವ ಹೊತ್ತಿಗೆ ಹೊರಗೆ ಗೆಥಿನ್‌ನ ಹೆಜ್ಜೆ ಸದ್ದು ಬಂತು.

"ನೆರಿಸ್, ಒಂದೇ ಒಂದು ಮಾತು ಕೇಳ್ತೀನಿ..."

"ಇಲ್ಲ."

"ಬೆಕ್ಕಿನ ತೂಕ ಎಷ್ಟು ಅಂತ ಅಷ್ಟೇ."

"ನೀವೇ ಹೋಗಿ ತೂಗಿ ನೋಡಿ. ಅವಳನ್ನ ಮಾತ್ರ ಮಾತಾಡಿಸಬೇಡಿ."

ಹೆಜ್ಜೆಗಳು ಹಿಂದಕ್ಕೆ ಹೋದವು. ಹೆಲೆದ್ ತಲೆ ಎತ್ತಲಿಲ್ಲ. ಚೀಲ ಉಬ್ಬಿ ನಿಂತಿತು, ಒತ್ತಡದ ಮುಳ್ಳು ಅಲುಗಲಿಲ್ಲ, ಎಲ್ಲೂ ಸೋರಿಕೆಯಿಲ್ಲ. ಅವಳು ಹೆಬ್ಬೆರಳನ್ನು ಅಲ್ಲೇ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ವಾಲ್ವನ್ನು ಪೂರ್ತಿ ತೆರೆದಳು.