ಜಗಲಿಯ ಅಡಿಬಣ್ಣ

ಎಷ್ಟನೆಯದೋ ಪದರ ಪುಡಿಯಾಗಿ ಹಾರಿದ ಮೇಲೆ ಅಪ್ಪನ ಬಣ್ಣ ಕಾಣಿಸಿತು. ಬರ್ನಿ ಉಜ್ಜುವ ಯಂತ್ರ ನಿಲ್ಲಿಸಿ, ಮೂಗಿಗೆ ಕಟ್ಟಿಕೊಂಡಿದ್ದ ಕರವಸ್ತ್ರ ಕೆಳಗೆಳೆದು, ಜಗಲಿಯ ಹಲಗೆಯ ಮೇಲೆ ಬರಿಗೈಯಾಡಿಸಿದಳು. ಮೇಲಿನ ಬೂದು, ಅದರಡಿಯ ಹಸಿರು, ಮತ್ತೆ ಬೂದು, ಯಾವ ಕಾಲದ್ದೋ ಒಂದು ಕಂದು, ಎಲ್ಲ ಹೋಗಿ ತಳದಲ್ಲಿ ಈ ಕಿತ್ತಳೆ ಬಣ್ಣ ನಿನ್ನೆ ಬಳಿದ ಹಾಗೆ ಮರವನ್ನು ಕಚ್ಚಿಕೊಂಡು ಕೂತಿತ್ತು. ಅಪ್ಪ ಸತ್ತು ಇಪ್ಪತ್ತಾರು ವರ್ಷವಾಗಿತ್ತು.

ಆ ಬೀದಿಯ ಎಲ್ಲ ಮನೆಗಳ ಜಗಲಿಯ ತಳದಲ್ಲೂ ಇದೇ ಬಣ್ಣ. ನದಿಯ ದಂಡೆಯ ಉಕ್ಕಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಸೇತುವೆಯ ತೊಲೆಗಳಿಗೆ ಬಳಿಯುವ ಬಣ್ಣ ಕೆಲಸಗಾರರ ಊಟದ ಡಬ್ಬಿಯಲ್ಲಿ ಕೂತು ಮನೆಗೆ ಬರುತ್ತಿತ್ತು. ಅದನ್ನು ಯಾರೂ ಕಳ್ಳತನ ಅನ್ನುತ್ತಿರಲಿಲ್ಲ, ಕಾರ್ಖಾನೆ ಕೊಟ್ಟದ್ದು ಅನ್ನುತ್ತಿದ್ದರು. ಮೇ ತಿಂಗಳ ಕೊನೆಯ ಸೋಮವಾರ, ಸತ್ತ ಸೈನಿಕರ ಹೆಸರಿನಲ್ಲಿ ಬಾವುಟ ಕಟ್ಟುವ ಹೊತ್ತಿಗೆ, ಪ್ರತಿ ಜಗಲಿಯೂ ಹೊಸ ಬಣ್ಣದಲ್ಲಿ ನಿಂತಿರಬೇಕು. ಇಲ್ಲದಿದ್ದರೆ ಆ ಮನೆಯಲ್ಲಿ ಕುಡಿತವೋ ಕಾಯಿಲೆಯೋ ಇದೆಯೆಂದು ಬೀದಿಯೇ ತೀರ್ಮಾನ ಮಾಡಿಬಿಡುತ್ತಿತ್ತು. ಬರ್ನಿಯ ಜಗಲಿ ಹೊಸ ಬಣ್ಣ ಕಂಡು ಹನ್ನೊಂದು ವರ್ಷವಾಗಿತ್ತು, ಬೀದಿಯ ತೀರ್ಮಾನವೂ ತಪ್ಪಾಗಿರಲಿಲ್ಲ. ಗಂಡ ರಾನ್ ಎದೆಯ ಕಾಯಿಲೆಯಲ್ಲಿ ಹೋದ. ಮಗಳು ಕ್ರಿಸ್ಟಾ ಮಾತ್ರೆಗಳ ಚಟಕ್ಕೆ ಬಿದ್ದು ಎತ್ತ ಹೋದಳೋ ಪತ್ತೆಯಿಲ್ಲ.

"ಏನಮ್ಮ ಬರ್ನಿ, ಜಗಲಿಗೆ ಬಣ್ಣ ಬಳೀತೀಯೋ, ಇಲ್ಲ ಜಗಲೀನೇ ಅರೆದು ಪುಡಿ ಮಾಡಿ ನದಿಗೆ ಬಿಡ್ತೀಯೋ?" ಎದುರು ಮನೆಯ ಚೆಟ್ ಮುದುಕ ಬೀರಿನ ಡಬ್ಬಿ ಹಿಡಿದು ರಸ್ತೆ ದಾಟಿ ಬಂದ. ಅಪ್ಪನ ಜೊತೆ ಒಂದೇ ಪಾಳಿಯಲ್ಲಿ ದುಡಿದವನು.

"ಬಾ ಮಾಮ, ಇಲ್ಲಿ ನೋಡು."

ಚೆಟ್ ಮಂಡಿ ಹಿಡಿದುಕೊಂಡು ಬಗ್ಗಿದ. "ಅರೆ, ನಮ್ಮ ಸೇತುವೆ ಬಣ್ಣ! ಒಂದಿನ ನಿಮ್ಮಪ್ಪಂದೂ ನಂದೂ ಡಬ್ಬಿ ಅದಲುಬದಲಾಗಿ, ಸೂಪು ಅಂತ ಮುಚ್ಚಳ ತೆಗೆದ್ರೆ ಒಳಗೆ ಇದೇ! ಅವತ್ತೆಲ್ಲ ನಂಗೆ ಉಪವಾಸ. ನಿಮ್ಮಪ್ಪ ಕೂತು ನನ್ನ ಸೂಪು ಹೊಡೆದ." ನಕ್ಕು ಕೆಮ್ಮಿದ. "ಇದನ್ನ ಕೀಳ್ಬೇಡ ಕಣೆ. ಈಗಿನ ಪ್ರೈಮರ್ ಎಲ್ಲಾ ಇದರ ಮುಂದೆ ಹಾಲು ಬೆರೆಸಿದ ನೀರು."

"ಇಲ್ಲ ಮಾಮ, ಮರ ಕಾಣೋವರೆಗೂ ಬಿಡಲ್ಲ. ಅವಳು ಬಂದು ಒಂದೇ ಒಂದು ಮಾತು ಎತ್ತೋ ಹಾಗಿರ್ಬಾರ್ದು."

ಅವಳು ಅಂದರೆ ಮಕ್ಕಳ ಇಲಾಖೆಯ ಮಿಸ್ ಲಾರ್ಕಿನ್. ಕ್ರಿಸ್ಟಾಳ ಮೂರು ವರ್ಷದ ಮಗಳು ಬ್ರಿನ್‌ಳನ್ನು ಇಲಾಖೆಯವರು ಮೂವತ್ತು ಮೈಲಿ ಆಚೆ ಒಂದು ಸಾಕುಮನೆಯಲ್ಲಿ ಇಟ್ಟಿದ್ದರು. ಮಗುವನ್ನು ದತ್ತು ತೆಗೆದುಕೊಳ್ಳಲು ಆ ಮನೆಯವರು ತುದಿಗಾಲಲ್ಲಿ ನಿಂತಿದ್ದರು. ಜೂನ್ ಒಂಬತ್ತಕ್ಕೆ ನ್ಯಾಯಾಧೀಶರ ಮುಂದೆ ಕೊನೆಯ ವಿಚಾರಣೆ. ಅಷ್ಟರೊಳಗೆ ಬರ್ನಿಯ ಮನೆ ಮಗುವಿಗೆ ತಕ್ಕದ್ದೆಂದು ವರದಿಯಾದರೆ ಬ್ರಿನ್ ಅಜ್ಜಿಯ ಹತ್ತಿರ ಬರುತ್ತಾಳೆ. ಆಗದಿದ್ದರೆ ಮಗು ಅವರದ್ದಾಗಿಬಿಡುತ್ತದೆ, ಬದುಕಿರುವವರೆಗೆ.

ಏಪ್ರಿಲ್‌ನಲ್ಲಿ ಮಿಸ್ ಲಾರ್ಕಿನ್ ಬಂದು ಮಗುವಿನ ಮಂಚ, ಮೆಟ್ಟಿಲಿನ ತಡೆಬಾಗಿಲು, ಔಷಧಿಯ ಕಪಾಟಿನ ಬೀಗ, ಎಲ್ಲವನ್ನೂ ನೋಡಿ ಸರಿ ಅಂದಿದ್ದಳು. ಹೊರಡುವಾಗ ಜಗಲಿಯ ಮೆಟ್ಟಿಲ ಹತ್ತಿರ ನಿಂತು, "ಇಲ್ಲಿ ಅಂಗೈಯಷ್ಟು ಬಣ್ಣ ಏಳ್ತಾ ಇದೆ ನೋಡಿ. ನಾನು ಮತ್ತೆ ಬರೋದ್ರೊಳಗೆ ಇದೊಂದು ಸರಿಮಾಡ್ಬಿಡಿ" ಎಂದು ನಾಲ್ಕಾರು ಹಾಳೆ ಕೈಗಿತ್ತಳು. ಬರ್ನಿ ಅವನ್ನು ಫ್ರಿಜ್ಜಿನ ಮೇಲಿಟ್ಟು ಮರೆತಳು. ಬಣ್ಣ ಬಳಿಯುವುದನ್ನು ಕಾಗದ ಓದಿ ಕಲಿಯಬೇಕಾದ ಮನೆತನವೇ ಅವಳದು? ರಾನ್ ವರ್ಷಕ್ಕೊಂದು ಪದರ ಎಳೆದು ಕೈ ತೊಳೆದುಕೊಳ್ಳುತ್ತಿದ್ದ. ಅಪ್ಪ ಇದ್ದಿದ್ದರೆ ಅದನ್ನು ಕೆಲಸ ಅನ್ನುತ್ತಿರಲಿಲ್ಲ. ಈ ಸಲ ಅಪ್ಪನ ಹಾಗೆ ಬುಡದಿಂದ ಮಾಡಿಬಿಡುತ್ತೇನೆಂದು ಬರ್ನಿ ಟೊಂಕ ಕಟ್ಟಿದಳು.

ಮೂರು ವಾರ ಹಿಡಿಯಿತು. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದವಳೇ ಯಂತ್ರ ಹಚ್ಚುತ್ತಿದ್ದಳು. ಕಂಬದ ಸಂದಿಗಳಿಗೆ, ಕಟಕಟೆಯ ಕಡ್ಡಿಗಳಿಗೆ ಉಪ್ಪುಕಾಗದ ಹಿಡಿದು ಕೈಯಲ್ಲೇ ಉಜ್ಜಿದಳು. ಕಿತ್ತಳೆ ಪುಡಿ ಹುಲ್ಲಿನ ಮೇಲೆ, ಕಿಟಕಿಯ ಜಾಲರಿಯ ಮೇಲೆ, ಅವಳ ಹುಬ್ಬಿನ ಮೇಲೆ ಕೂತಿತು. ಮರ ಬೆಳ್ಳಗೆ ಎದ್ದು ಬಂದ ದಿನ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ರಾನ್ ಹೋದ ಮೇಲೆ ಮೊದಲ ಸಲ ಒಬ್ಬಳೇ ಇದ್ದಾಗ ಹಾಡು ಗುನುಗಿದಳು. ಆಮೇಲೆ ನೆಲಕ್ಕೆ ಎರಡು ಕೈ ಬೂದು, ಕಟಕಟೆಗೆ ಬಿಳಿ, ಛಾವಣಿಗೆ ತಿಳಿನೀಲಿ. ಬಾವುಟದ ಸೋಮವಾರ ಬೀದಿಯವರೆಲ್ಲ ನಿಂತು ನೋಡಿಕೊಂಡು ಹೋದರು.

ಮಾರನೆಯ ದಿನ ಮಿಸ್ ಲಾರ್ಕಿನ್ ಕಾರಿನಿಂದ ಇಳಿದವಳೇ, "ಅಯ್ಯೋ, ಎಷ್ಟು ಚೆನ್ನಾಗಿದೆ! ಇಷ್ಟೂ ನೀವೊಬ್ರೇ ಮಾಡಿದ್ರಾ?" ಅಂದಳು.

"ನಾನೊಬ್ಳೇ ಮೇಡಂ. ಮರದ ತನಕ ಕೆರೆದಿದೀನಿ, ಬೇಕಾದ್ರೆ ಉಗುರು ಹಾಕಿ ನೋಡಿ."

ಮಿಸ್ ಲಾರ್ಕಿನ್‌ಳ ನಗು ಅಲ್ಲಿಗೇ ನಿಂತಿತು. ಅವಳು ಮೆಟ್ಟಿಲ ಪಕ್ಕದ ಮಣ್ಣು ನೋಡುತ್ತಿದ್ದಳು. "ಈ ಕಿತ್ತಳೆ ಪುಡಿ ಏನು?"

"ಹಳೇ ಬಣ್ಣ. ಒಂದು ಮಳೆ ಬಂದ್ರೆ ಹೋಗತ್ತೆ."

"ನೀರು ಹಾಕಿ ನೆನೆಸಿ ಕೆರೆದ್ರಿ ತಾನೆ? ಕಾಗದದಲ್ಲಿ ಬರೆದಿತ್ತಲ್ಲ?"

"ನೀರು ಹಾಕಿದ್ರೆ ಮೆಷಿನ್ ಹೇಗೆ ಓಡತ್ತೆ ಮೇಡಂ?"

ಮಿಸ್ ಲಾರ್ಕಿನ್ ಚೀಲದಿಂದ ಬೆರಳುದ್ದದ ಒಂದು ಕಡ್ಡಿ ತೆಗೆದು ಪುಡಿಯ ಮೇಲೆ ಒತ್ತಿದಳು. ಅದರ ತುದಿಯ ಹತ್ತಿ ಕೆಂಪಾಯಿತು. ಸರಸರನೆ ಮಹಡಿಗೆ ಹೋದಳು, ಬರ್ನಿ ಹಿಂದೆಯೇ ಓಡಿದಳು. ಬ್ರಿನ್‌ಗೆಂದು ಸಜ್ಜು ಮಾಡಿದ್ದ ಕೋಣೆ ಜಗಲಿಯ ನೇರ ಮೇಲೇ ಇತ್ತು. ಹೊಸ ಹಾಸಿಗೆಗೆ ಗಾಳಿಯಾಡಲೆಂದು ಬರ್ನಿ ತಿಂಗಳೆಲ್ಲ ಕಿಟಕಿ ತೆರೆದಿಟ್ಟಿದ್ದಳು. ಎರಡನೆಯ ಕಡ್ಡಿ ಕಿಟಕಿಯ ಕಟ್ಟೆಯ ಮೇಲೆ ಕೆಂಪಾಯಿತು, ಮೂರನೆಯದು ದಿಂಬಿನ ಮೇಲೆ.

"ಇದು ಸೀಸ. ಮಕ್ಕಳ ಮೈಗೆ ಸೇರಿದ್ರೆ ತಲೆಗೇ ಹೊಡೆಯತ್ತೆ, ಆಮೇಲೆ ಸರಿಹೋಗಲ್ಲ. ಪದರದ ಕೆಳಗೆ ತೆಪ್ಪಗೆ ಕೂತಿತ್ತು, ಅಲ್ಲೇ ಇದ್ದಿದ್ರೆ ಏನೂ ಆಗ್ತಿರಲಿಲ್ಲ" ಅಂದಳು ಮಿಸ್ ಲಾರ್ಕಿನ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಬರ್ನಿಗೆ ಹೆಚ್ಚು ಭಯವಾಯಿತು. "ನಾನು ಅಂಗೈಯಷ್ಟು ಜಾಗ ಅಂದಿದ್ದೆ. ಅದನ್ನ ಒದ್ದೆ ಮಾಡಿ ಕೆರೆದು ಒಂದು ಕೈ ಬಣ್ಣ ಎಳೆದಿದ್ರೆ ಸಾಕಾಗಿತ್ತು."

"ತೊಳೀತೀನಿ. ಈಗಲೇ ತೊಳೀತೀನಿ. ಹಾಸಿಗೆ ಸುಟ್ಟುಹಾಕ್ತೀನಿ. ಜಗಲೀನೇ ಕಿತ್ತು ಬಿಸಾಕ್ಲಾ? ಚೆಟ್ ಮಾಮನ ಹತ್ರ ಹಾರೆ ಇದೆ, ಸಂಜೆ ಒಳಗೆ..."

"ಬೇಡ! ನೀವಿನ್ನು ಏನನ್ನೂ ಮುಟ್ಟಬೇಡಿ. ಇದಕ್ಕೆ ಪರವಾನಗಿ ಇರೋರೇ ಬರ್ಬೇಕು. ಮೇಲಿನ ಮಣ್ಣೂ ತೆಗೀಬೇಕು. ಆಗಸ್ಟಿಗೆ ಮುಂಚೆ ಯಾರೂ ಸಿಗಲ್ಲ."

"ವಿಚಾರಣೆ ಒಂಬತ್ತನೇ ತಾರೀಕಿದೆ."

"ಗೊತ್ತು. ಮುಂದೆ ಹಾಕಿ ಅಂತ ಕೇಳ್ತೀನಿ. ಆದ್ರೆ ಈಗಾಗಲೇ ಎರಡು ಸಲ ಮುಂದೆ ಹಾಕಿದ್ದಾರೆ." ಮಿಸ್ ಲಾರ್ಕಿನ್ ಕಡ್ಡಿಗಳನ್ನು ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಮೆಟ್ಟಿಲಿಳಿಯುವಾಗ ಅರ್ಧದಲ್ಲಿ ನಿಂತಳು. "ಶನಿವಾರ ಶನಿವಾರ ಮಗುನ ನೋಡೋಕೆ ಆಫೀಸಿಗೆ ಬರ್ತಿದ್ರಲ್ಲ, ಅವತ್ತು ಬೆಳಿಗ್ಗೆ ಈ ಕೆಲಸ ಮಾಡ್ತಿದ್ರಾ?"

ಬರ್ನಿ ಶನಿವಾರಗಳನ್ನು ಎಣಿಸಿದಳು. ಹತ್ತೂವರೆಯ ತನಕ ಉಜ್ಜಿ, ಮುಖಕ್ಕಷ್ಟು ನೀರು ಹಾಕಿಕೊಂಡು, ಅದೇ ಅಂಗಿಯಲ್ಲಿ ಕಾರು ಹತ್ತಿದ್ದಳು, ಹನ್ನೊಂದಕ್ಕೆ ತಡವಾದರೆ ಅಷ್ಟು ನಿಮಿಷ ಮಗು ಕಡಿಮೆ ಸಿಗುತ್ತದೆಂದು. ಬ್ರಿನ್ ಓಡಿ ಬಂದು ತೊಡೆಯೇರಿ ಕೂರುತ್ತಿದ್ದಳು. ಅವಳಿಗೆ ಅಜ್ಜಿಯ ಅಂಗಿಯ ಕಾಲರನ್ನು ಬಾಯಲ್ಲಿಟ್ಟುಕೊಂಡು ಚೀಪುವ ಅಭ್ಯಾಸ. ಬರ್ನಿಗೆ ಅದರಲ್ಲಿ ಸುಖವಿತ್ತು. ಒಮ್ಮೆಯೂ ಬಿಡಿಸಿರಲಿಲ್ಲ.

"ಮೂರು ಶನಿವಾರ" ಅಂದಳು.

"ಮಗುವಿನ ರಕ್ತ ಪರೀಕ್ಷೆ ಮಾಡಿಸ್ಬೇಕಾಗತ್ತೆ" ಅಂದಳು ಮಿಸ್ ಲಾರ್ಕಿನ್. "ಅವಳನ್ನ ಸಾಕ್ತಿರೋರಿಗೂ ತಿಳಿಸ್ಬೇಕಾಗತ್ತೆ."

ಆ ಶನಿವಾರ ಬರ್ನಿ ಚೆಟ್ ಮಾಮನ ಮನೆಯಲ್ಲಿ ಮೂರು ಸಲ ತಲೆಗೆ ಸ್ನಾನ ಮಾಡಿದಳು. ಉಗುರುಗಳನ್ನು ರಕ್ತ ಬರುವಷ್ಟು ಚಿಕ್ಕದಾಗಿ ಕತ್ತರಿಸಿದಳು. ಅಂಗಡಿಯಿಂದ ತಂದ ಹೊಸ ಅಂಗಿಯನ್ನು ಚೀಟಿ ಕಿತ್ತು ಅಲ್ಲೇ ತೊಟ್ಟುಕೊಂಡಳು. ಅವತ್ತು ಚೆಟ್ ತಮಾಷೆ ಮಾಡಲಿಲ್ಲ. "ನಾನೇ ಹೇಳ್ಬೇಕಿತ್ತು ಕಣೆ" ಅಂದ. "ನಂಗೇನು ಗೊತ್ತಿತ್ತು, ನಾವೆಲ್ಲ ಅದೇ ಕೈಯಲ್ಲಿ ಬ್ರೆಡ್ಡು ತಿಂದವ್ರು."

ಹನ್ನೊಂದಕ್ಕೆ ಆಫೀಸಿನ ಕೋಣೆಯ ಬಾಗಿಲು ತೆರೆದು ಬ್ರಿನ್ ಒಳಗೆ ಬಂದಳು. ಮೊಣಕೈಯ ಮಡಿಕೆಯಲ್ಲಿ ಹತ್ತಿಯಿಟ್ಟು ಪಟ್ಟಿ ಅಂಟಿಸಿತ್ತು. ಮೇಜಿನ ಹಿಂದೆ ಮಿಸ್ ಲಾರ್ಕಿನ್ ಏನೋ ಬರೆಯುತ್ತ ಕೂತಿದ್ದಳು.

"ಅಜ್ಜೀ, ನೋಡು, ಸೂಜಿ ಚುಚ್ಚಿದ್ರು. ನಾನು ಅಳ್ಲೇ ಇಲ್ಲ."

"ಜಾಣೆ" ಅಂದಳು ಬರ್ನಿ. ಓಡಿ ಬಂದ ಮಗುವಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಬ್ರಿನ್ ನಿಂತಳು. ಆಮೇಲೆ ಅವಳ ಮುಖ ಅರಳಿತು. "ಏನೋ ತಂದಿದೀಯ! ಬಚ್ಚಿಟ್ಕೊಂಡಿದೀಯ! ಯಾವ ಕೈಲಿದೆ?"

ಬರ್ನಿ ಗೋಡೆಗೆ ಬೆನ್ನು ಒತ್ತಿ ನಿಂತಳು. ಮಗು ಅವಳ ಎಡಗಡೆಯಿಂದ ಇಣುಕಿ ನೋಡಿತು, ಬಲಗಡೆಯಿಂದ ಇಣುಕಿ ನೋಡಿತು, ನಗು ತಡೆಯಲಾರದೆ ಕುಣಿಯಿತು.

"ಈ ಕೈನಾ ಅಜ್ಜಿ? ಈ ಕೈನಾ?"