ಟ್ರೇಲರ್ ಪಾಸಾದ ದಿನ

ಪೊಲೀಸರು ಬಿಟ್ಟುಕೊಟ್ಟ ಟ್ರೇಲರನ್ನು ದುರ್ಗೇಶ್ ಮನೆಗೆ ತರಲಿಲ್ಲ. ಹೊಸನಗರದಲ್ಲಿ ಉಮೇಶನ ವೆಲ್ಡಿಂಗ್ ಶಾಪಿನ ಮುಂದೆ ಇಳಿಸಿದ. ಮದುವೆ ಮನೆಗಳಿಗೆ ಬಾಡಿಗೆ ಪಾತ್ರೆ ಸಾಗಿಸಲು ಅವನೂ ಹೆಂಡತಿ ಬಿಂದುವೂ ಮಾಡಿಸಿಕೊಂಡಿದ್ದ, ಜೀಪಿನ ಹಿಂದೆ ಕಟ್ಟುವ ಪುಟ್ಟ ಟ್ರೇಲರ್ ಅದು.

ಕೊಕ್ಕೆಯ ಪಿನ್ನು ಸವೆದಿದೆ, ಸೇಫ್ಟಿ ಚೈನೂ ಇಲ್ಲವೆಂದು ಉಮೇಶ ಎರಡು ಸಲ ಎಚ್ಚರಿಸಿದ್ದ. "ಈ ಸೀಸನ್ ಒಂದು ಮುಗೀಲಿ ಮಾರಾಯ" ಅಂದಿದ್ದ ದುರ್ಗೇಶ್. ತೀರ್ಥಹಳ್ಳಿಯ ಮದುವೆಯೊಂದಕ್ಕೆ ಹೋಗುವಾಗ ಏರಿನಲ್ಲಿ ಪಿನ್ನು ಕಳಚಿತು. ಹಂಡೆ, ಕೊಪ್ಪರಿಗೆಗಳ ಸಮೇತ ಟ್ರೇಲರ್ ಹಿಂದಕ್ಕೆ ಉರುಳಿತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವಳು ಬಿಂದು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮೇಳಿಗೆಯ ಹಿರಿಯ ಯಶೋಧರ ಟ್ರೇಲರ್ ಕೊಳ್ಳಲು ಬಂದರು. "ಹೇಗಿದ್ಯೋ ಹಾಗೇ ಕೊಡಿ. ನಾನು ರಿಪೇರಿ ಮಾಡಿಸ್ಕೊಳ್ತೀನಿ."

"ಹೀಗೇ ಕೊಡಲ್ಲ," ಅಂದ ದುರ್ಗೇಶ್. "ಎಲ್ಲ ಸರಿ ಮಾಡಿ, ಪಾಸ್ ಮಾಡಿಸೇ ಕೊಡೋದು."

ಹನ್ನೆರಡು ದಿನ ಅವನು ಶಾಪಿನಲ್ಲೇ ಕೂತ. ಲಾಕ್ ಇರುವ ಹೊಸ ಕೊಕ್ಕೆ, ಅಡಿಯಲ್ಲಿ ಕತ್ತರಿಯಾಗಿ ಹಾಯುವ ಎರಡು ಚೈನು, ಬ್ರೇಕು, ಮಡ್‌ಗಾರ್ಡು, ಕೆಂಪು ರಿಫ್ಲೆಕ್ಟರು. ಚೈನಿಗೆ ಮೈಭಾರವೆಲ್ಲ ಹಾಕಿ ಜಗ್ಗಿದ, ಮತ್ತೆ ಜಗ್ಗಿದ. ಅಂಗೈ ಚರ್ಮ ಕಿತ್ತುಬಂತು.

"ಸಾಕು ಬಿಡೋ. ಆನೆ ಎಳೆದ್ರೂ ಬಿಚ್ಚಲ್ಲ," ಅಂದ ಉಮೇಶ.

"ಅರ್ಧ ದಿನದ ಕೆಲಸ ಆಗಿತ್ತಲ್ಲೋ ಈ ಚೈನು..." ದುರ್ಗೇಶ್ ಮತ್ತೆ ಚೈನು ಹಿಡಿದ.

ಸಾಗರದ ಆರ್‌ಟಿಒ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಸುಮನಾ ಕೊಕ್ಕೆ, ಚೈನು, ಟೈರು, ನಂಬರು ಎಲ್ಲ ನೋಡಿದರು. "ಬ್ರೇಕ್ ಲೈಟ್ ತೋರ್ಸಿ."

ದುರ್ಗೇಶ್ ಜೀಪು ಹತ್ತಿ ಬ್ರೇಕ್ ತುಳಿದ. ಆರು ವರ್ಷದ ರೂಢಿ, ಬಾಯಿ ತಾನಾಗಿ ಕೂಗಿತು: "ಬಿಂದೂ, ಹತ್ತಿತೇನೇ?"

ಸ್ಟೇರಿಂಗಿಗೆ ಹಣೆ ಒತ್ತಿ ಅವನು ಅಲ್ಲಾಡದೆ ಕೂತುಬಿಟ್ಟ. ಜೊತೆಗೆ ಬಂದಿದ್ದ ಉಮೇಶ ಹಿಂದೆ ಹೋಗಿ ನೋಡಿದ.

"ಹತ್ತಿದೆ ಕಣೋ. ಎರಡೂ ಹತ್ತಿದಾವೆ. ಕಾಲು ತೆಗಿ."

ಕಾಲು ಬರಲಿಲ್ಲ. ಉಮೇಶನೇ ಬಂದು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಎತ್ತಿದ.

ಏನೂ ಅರಿಯದ ಸುಮನಾ ಸಹಿ ಹಾಕುತ್ತಾ, "ಎಲ್ಲರೂ ಇಷ್ಟು ನೀಟಾಗಿ ಮಾಡ್ಸಿದ್ರೆ ಎಷ್ಟು ಚೆನ್ನಾಗಿರುತ್ತೆ!" ಅಂದರು. ದುರ್ಗೇಶ್ "ಹೌದು ಮೇಡಂ" ಅಂದ.

ಮರುದಿನ ಯಶೋಧರರ ಜೀಪಿಗೆ ಟ್ರೇಲರ್ ಕಟ್ಟಿಕೊಟ್ಟ. ಲಾಕ್ ಹಾಕುವ ಬಗೆಯನ್ನು ಮೂರು ಸಲ ತೋರಿಸಿದ. ನಾಲ್ಕನೆಯ ಸಲ ಬಗ್ಗಿದಾಗ, ಆ ಹಿರಿಯರು ಅವನ ಎರಡೂ ಕೈ ಹಿಡಿದುಕೊಂಡು, "ನಂಗೆ ಗೊತ್ತಾಯ್ತಪ್ಪ, ಏಳು" ಅಂದರು.